ಬಾಗಿಲು ಅಗಲವಾದಾಗ

ಕಳೆದ ವರ್ಷ ಒಂಬತ್ತನೆಯ ತರಗತಿಗೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಮುಗಿಸಿ ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅಲ್ಲಿ ಹೆಂಗಸರು ಆಗಲೇ ಓಟು ಹಾಕ್ತಿದ್ರಾ?" ಎಂದು ಕೇಳಿದಳು. "ಎಲ್ಲಿ ಬಂತಮ್ಮ, 1920ರವರೆಗೂ ಕಾಯಬೇಕಾಯಿತು" ಎಂದೆ. ಗಂಟೆ ಹೊಡೆಯಿತು. ಉತ್ತರ ಹೇಳಿದ ಸಮಾಧಾನದಿಂದ ಹೊರಬಂದೆ.

ರಾತ್ರಿ ಯಾಕೋ ಅನುಮಾನ ಬಂದು ಪುಸ್ತಕ ತೆಗೆದೆ. ನನ್ನ ಉತ್ತರ ತಪ್ಪಾಗಿತ್ತು.

ನ್ಯೂಜೆರ್ಸಿ ಎಂಬ ರಾಜ್ಯ 1776ರಲ್ಲಿ ಬರೆದುಕೊಂಡ ಸಂವಿಧಾನದ ಪ್ರಕಾರ, ಐವತ್ತು ಪೌಂಡು ಬೆಲೆಯ ಆಸ್ತಿಯಿದ್ದು ಒಂದು ವರ್ಷ ಅಲ್ಲಿ ನೆಲೆಸಿದ್ದ ವಯಸ್ಕ ನಿವಾಸಿಗಳೆಲ್ಲ ಮತ ಹಾಕಬಹುದಿತ್ತು. ಗಂಡಸೆಂದಾಗಲೀ ಬಿಳಿಯನೆಂದಾಗಲೀ ಅದರಲ್ಲಿ ಹೇಳಿರಲಿಲ್ಲ. ಮುಂದೆ 1790ರ ಕಾಯಿದೆಯಲ್ಲಿ ಮತದಾರರನ್ನು ಕುರಿತು 'ಅವಳು' ಎಂಬ ಮಾತನ್ನೂ ಸೇರಿಸಿದರು. ಮದುವೆಯಾದ ಹೆಂಗಸಿನ ಆಸ್ತಿ ಗಂಡನದೆಂದು ಆಗಿನ ಕಾನೂನು ಎಣಿಸುತ್ತಿದ್ದುದರಿಂದ ವಿಧವೆಯರು, ಅವಿವಾಹಿತೆಯರು ಹೆಚ್ಚಾಗಿ ಮತ ಹಾಕಿದರು. ಗುಲಾಮರಲ್ಲದ ಕಪ್ಪು ಜನರಲ್ಲಿ ಕೆಲವರೂ ಹಾಕಿದರು. ಸುಮಾರು ಮೂವತ್ತು ವರ್ಷ ಹೀಗೆ ನಡೆಯಿತು.

1807ರಲ್ಲಿ ಅದು ನಿಂತುಹೋಯಿತು. ಆ ವರ್ಷ ಅಲ್ಲಿನ ಒಂದು ಜಿಲ್ಲೆಯಲ್ಲಿ ಕೋರ್ಟು ಕಟ್ಟಡ ಯಾವ ಊರಿನಲ್ಲಿರಬೇಕೆಂಬ ಮತದಾನವಾಗಿ, ವಿಪರೀತ ಮೋಸ ನಡೆಯಿತು. ಗಂಡಸರೇ ಹೆಂಗಸರ ವೇಷ ಹಾಕಿಕೊಂಡು ಎರಡೆರಡು ಸಲ ಮತ ಹಾಕಿದರೆಂಬ ದೂರೂ ಇತ್ತು. ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು: ಇನ್ನು ಮುಂದೆ ತೆರಿಗೆ ಕಟ್ಟುವ ಬಿಳಿಯ ಗಂಡಸರಿಗೆ ಮಾತ್ರ ಮತ. ವೇಷ ಹಾಕಿದವರ ಹಕ್ಕು ಉಳಿಯಿತು, ಅವರು ಯಾರ ವೇಷ ಹಾಕಿದರೋ ಅವರದು ಹೋಯಿತು.

ನನ್ನನ್ನು ಕಲಕಿದ್ದು ಇಷ್ಟೇ ಅಲ್ಲ. ಅದೇ ಕಾಯಿದೆ ಐವತ್ತು ಪೌಂಡಿನ ಆಸ್ತಿಯಿಲ್ಲದ ಬಡ ಬಿಳಿಯನನ್ನು ಒಳಗೆ ಬಿಟ್ಟುಕೊಂಡಿತು. ಬಾಗಿಲು ಅಗಲವಾದದ್ದೂ ಕೆಲವರನ್ನು ಹೊರಗೆ ತಳ್ಳಿದ್ದೂ ಒಂದೇ ಲೇಖನಿಯ ಕೆಲಸ. 1821ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿಯೂ ಇದೇ ನಡೆಯಿತು. ಬಿಳಿಯರಿಗೆ ಆಸ್ತಿಯ ನಿರ್ಬಂಧ ತೆಗೆದರು, ಕಪ್ಪು ಜನರಿಗೆ 250 ಡಾಲರ್ ಬೆಲೆಯ ಆಸ್ತಿ ಇರಲೇಬೇಕೆಂದರು. ಪೆನ್ಸಿಲ್ವೇನಿಯಾದವರು 1838ರಲ್ಲಿ 'ಬಿಳಿಯ' ಎಂಬ ಒಂದೇ ಪದವನ್ನು ಸೇರಿಸಿ ಕೆಲಸ ಮುಗಿಸಿದರು.

ಬಿ.ಎ.ಯಲ್ಲಿ ನಾನು ಬರೆದುಕೊಂಡ ಟಿಪ್ಪಣಿ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ಅದರಲ್ಲಿ ನನ್ನದೇ ದುಂಡು ಅಕ್ಷರದಲ್ಲಿ, "ಈ ಕಾಲದಲ್ಲಿ ಆಸ್ತಿಯ ನಿರ್ಬಂಧ ಸಡಿಲವಾಗಿ ಸಾಮಾನ್ಯ ಮನುಷ್ಯನಿಗೆ ಮತದಾನದ ಹಕ್ಕು ದೊರೆಯಿತು" ಎಂದಿದೆ. ಕೆಳಗೆ ಕೆಂಪು ಶಾಯಿಯ ಗೆರೆ ಬೇರೆ. ಆ ವಾಕ್ಯ ಸುಳ್ಳಲ್ಲ. 1825ರಲ್ಲಿ ಈರಿ ಕಾಲುವೆ ತೆರೆಯಿತು, ಗಿರಣಿಗಳು ಎದ್ದವು, ಜಮೀನಿಲ್ಲದೆ ಕೂಲಿಯಿಂದ ಬದುಕುವ ಜನ ಪಟ್ಟಣಗಳಲ್ಲಿ ಹೆಚ್ಚಿದರು. ಅವರನ್ನು ಹೊರಗಿಟ್ಟು ರಾಜ್ಯ ಆಳುವುದು ಸಾಧ್ಯವಿರಲಿಲ್ಲ. 1824ರ ಅಧ್ಯಕ್ಷ ಚುನಾವಣೆಯಲ್ಲಿ ಮೂರೂವರೆ ಲಕ್ಷದಷ್ಟಿದ್ದ ಮತಗಳು, ಆಂಡ್ರ್ಯೂ ಜಾಕ್ಸನ್ ಗೆದ್ದ 1828ರಲ್ಲಿ 11 ಲಕ್ಷ ದಾಟಿದವು. ಒಬ್ಬ ಚಮ್ಮಾರ, ಒಬ್ಬ ಗೇಣಿದಾರ ಮೊದಲ ಸಲ ತಲೆಯೆತ್ತಿ ಮತ ಹಾಕಿ ಬಂದದ್ದನ್ನು ನಾನು ಹೇಗೆ ಕೀಳಾಗಿ ಕಾಣಲಿ?

ಆದರೆ ಹಾಗೆ ಬೆಳೆದ ಬಲ ಮುಂದೇನು ಮಾಡಿತೆಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಗಿರಣಿಗಳಿಗೂ ಅಲ್ಲಿಯದೇ ಗಿರಣಿಗಳಿಗೂ ಹತ್ತಿ ಬೇಕಿತ್ತು, ಹತ್ತಿಗೆ ಹೊಸ ನೆಲ ಬೇಕಿತ್ತು. ಆ ನೆಲದಲ್ಲಿ ಚೆರೋಕಿ ಮೊದಲಾದ ಮೂಲನಿವಾಸಿಗಳಿದ್ದರು. ಚೆರೋಕಿಯವರಲ್ಲಿ ಸಿಕ್ವೋಯ ಎಂಬಾತ 1821ರ ಹೊತ್ತಿಗೆ ತನ್ನ ನುಡಿಗೆ ಲಿಪಿ ಕಟ್ಟಿದ್ದ. ಅದೂ ನಮ್ಮ ಕಾಗುಣಿತದ ಹಾಗೆ, ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. 1828ರಲ್ಲಿ ಅವರು ಪತ್ರಿಕೆಯನ್ನೂ ತಂದರು. 1830ರಲ್ಲಿ ಅವರನ್ನೆಲ್ಲ ಮಿಸಿಸಿಪ್ಪಿ ನದಿಯಾಚೆಗೆ ಸಾಗಿಸುವ ಮಸೂದೆ ಕೆಳಮನೆಯಲ್ಲಿ ಪಾಸಾಯಿತು. ಪರ 102, ವಿರೋಧ 97. ಐದೇ ಮತದ ಅಂತರ. 1838-39ರಲ್ಲಿ ಸೈನ್ಯ ಚೆರೋಕಿಯರನ್ನು ಮನೆಗಳಿಂದ ಎಬ್ಬಿಸಿ ನಡೆಸಿತು. ಸುಮಾರು ನಾಲ್ಕು ಸಾವಿರ ಜನ ಶಿಬಿರಗಳಲ್ಲಿ, ದಾರಿಯಲ್ಲಿ ತೀರಿಕೊಂಡರೆಂದು ಲೆಕ್ಕ.

"ಆ ಕಾಲವೇ ಹಾಗಿತ್ತು ಬಿಡಿ" ಎನ್ನುವವರಿದ್ದಾರೆ. ನಾನೂ ತರಗತಿಯಲ್ಲಿ ಹಾಗೆಂದು ಜಾರಿಕೊಂಡಿದ್ದೇನೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ. ಬೇಡವೆಂದ 97 ಜನರೂ ಆ ಕಾಲದವರೇ. ಕ್ಯಾಥರಿನ್ ಬೀಚರ್ ಎಂಬ ಶಿಕ್ಷಕಿ ಹೆಸರು ಹಾಕದೆ ಒಂದು ಕರಪತ್ರ ಬರೆದು ಊರೂರಿಗೆ ಕಳಿಸಿ, ಚೆರೋಕಿಯರ ಪರವಾಗಿ ಹೆಂಗಸರಿಂದ ಸಂಸತ್ತಿಗೆ ಅರ್ಜಿ ಬರೆಸಿದ್ದೂ ಆ ಕಾಲದಲ್ಲೇ. ಮತವಿಲ್ಲದವರಿಗೆ ಸಹಿಯಾದರೂ ಇತ್ತು. ಕಾಲ ಒಂದೇ, ಅದರೊಳಗೆ ಎರಡೂ ದಾರಿಗಳಿದ್ದವು.

ಇನ್ನು ಕೆಲವರು, "ಒಟ್ಟಿನಲ್ಲಿ ಲಾಭವೇ ಹೆಚ್ಚಲ್ಲವೇ" ಎಂದು ಜಮಾ ಖರ್ಚು ತೆಗೆಯುತ್ತಾರೆ. ಜಮೆಯೂ ಖರ್ಚೂ ಒಬ್ಬರದೇ ಆದರೆ ಆ ಲೆಕ್ಕ ಸರಿ. ನಾನು ಒಂದು ಹೊತ್ತಿನ ಊಟ ಬಿಟ್ಟು ಪುಸ್ತಕ ಕೊಂಡರೆ ಅದು ನನ್ನ ಲೆಕ್ಕ. ತೆತ್ತವರು ಒಬ್ಬರು, ಪಡೆದವರು ಇನ್ನೊಬ್ಬರು ಆದಾಗ ಕೂಡಿ ಕಳೆಯುವ ಅಧಿಕಾರ ಯಾರಿಗಿದೆ? ಪಡೆದವರಿಗಂತೂ ಇಲ್ಲ.

ಇದನ್ನು ಬರೆಯುತ್ತಿರುವಾಗ ನನಗೆ ನೆನಪಾಗುವುದು ಒಂದು ಕೋಣೆ. ಹದಿನೈದು ವರ್ಷದ ಹಿಂದೆ ನಾನಿದ್ದ ಶಾಲೆಯಲ್ಲಿ ಶಿಕ್ಷಕಿಯರಿಗೆ ಬೇರೆ ಕೋಣೆ ಇರಲಿಲ್ಲ. ಎರಡು ವರ್ಷ ಅರ್ಜಿ ಬರೆದು ಓಡಾಡಿ ಒಂದನ್ನು ಪಡೆದೆವು. ಬೀಗ, ಕನ್ನಡಿ, ಮೇಜು ಎಲ್ಲ ಬಂತು. ಎಲ್ಲರಿಗೂ ಮೈಸೂರುಪಾಕು ಹಂಚಿದೆವು. ಅದಕ್ಕೆ ಮೊದಲು ಅಲ್ಲಿ ಪೊರಕೆ ಬಕೆಟ್ಟುಗಳ ನಡುವೆ ನಮ್ಮ ಆಯಮ್ಮ ಬುತ್ತಿ ಬಿಚ್ಚುತ್ತಿದ್ದರು, ಮಧ್ಯಾಹ್ನ ಒಂದಿಷ್ಟು ಕಾಲು ಚಾಚುತ್ತಿದ್ದರು. ಆಮೇಲೆ ಅವರು ಎಲ್ಲಿ ಉಣ್ಣುತ್ತಾರೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ, ಮೆಟ್ಟಿಲ ಕೆಳಗೆ ಇರಚಲಿಗೆ ಸೆರಗು ನೆನೆಸಿಕೊಂಡು ಅವರು ಕೂತಿದ್ದನ್ನು ಕಂಡೆ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. "ಒಳಗೆ ಬನ್ನಿ ಆಯಮ್ಮ" ಎಂದೆ. "ಬ್ಯಾಡಿ ಮಿಸ್, ಅದು ನಿಮ್ಮ ರೂಮು" ಎಂದರು. ಮರುದಿನ ಅವರಿಗೂ ಒಂದು ಬೀಗದ ಕೈ ಕೊಟ್ಟೆವು. ಅವರು ಒಳಗೆ ಬರುತ್ತಿದ್ದರು, ಆದರೆ ನಾವೆಲ್ಲ ತರಗತಿಗೆ ಹೋದ ಮೇಲೆ.

ನಾವು ಕೋಣೆ ಕೇಳಿದ್ದು ತಪ್ಪೆಂದು ಇವತ್ತಿಗೂ ನನಗೆ ಅನಿಸಿಲ್ಲ. ಮೈಸೂರುಪಾಕು ಹಂಚುವಾಗ ಆಯಮ್ಮನ ಕೈಗೂ ಒಂದು ತುಂಡು ಇಟ್ಟಿದ್ದೆ. ಅದೊಂದು ಮಾತ್ರ ಈಗಲೂ ಚುಚ್ಚುತ್ತದೆ.

ಮಾರನೆಯ ದಿನ ತರಗತಿಗೆ ಹೋಗಿ, "ನಿನ್ನೆ ನಾನು ತಪ್ಪು ಹೇಳಿದೆ" ಎಂದು ನ್ಯೂಜೆರ್ಸಿಯ ಕಥೆ ಹೇಳಿದೆ. ಆ ಹುಡುಗಿ, "ಹಾಗಾದ್ರೆ ಬಂದಿದ್ದು ವಾಪಸ್ ಹೋಗ್ಬಹುದಾ ಮಿಸ್?" ಎಂದಳು. "ಹೋಗಬಹುದು" ಎಂದೆ. ಆವತ್ತಿನಿಂದ ಯಾವ ಸುಧಾರಣೆಯ ಪಾಠ ಬಂದರೂ ಹಲಗೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಗಡೆ 'ಯಾರಿಗೆ ಸಿಕ್ಕಿತು', ಬಲಗಡೆ 'ಯಾರಿಂದ ಹೋಯಿತು'. ಎಡಗಡೆಯದು ಪಠ್ಯಪುಸ್ತಕ ನೋಡಿದರೆ ತುಂಬುತ್ತದೆ. ಬಲಗಡೆಯದು ಎಷ್ಟೋ ದಿನ ಖಾಲಿ ಉಳಿಯುತ್ತದೆ. ಅಳಿಸದೆ ಹಾಗೇ ಬಿಟ್ಟು ಬರುತ್ತೇನೆ.