ಪರದೆಯ ಮೇಲಿನ ದರ್ಶನ

ಹಬ್ಬದ ದಿನ ಟಿವಿಯಲ್ಲಿ ಪಡೆದ ದೇವರ ದರ್ಶನ ನಿಜವಾದ ದರ್ಶನವೇ ಎಂಬ ಪ್ರಶ್ನೆ ಹೈದರಾಬಾದಿನ ಕುಷಾಯಿಗೂಡಕ್ಕೆ ಹತ್ತಿರದ್ದು. 1967ರಲ್ಲಿ ಸ್ಥಾಪನೆಯಾದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಸಿಐಎಲ್ ಇರುವುದು ಇದೇ ಭಾಗದಲ್ಲಿ. ಅದು ತಯಾರಿಸಿದ ‘ಇಸಿ ಟಿವಿ’ ಅನೇಕ ಮನೆಗಳನ್ನು ಸೇರಿತು. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾದಾಗ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಟಿವಿಗೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿ ಕೂರುತ್ತಿದ್ದವರಿದ್ದರು.

ಈಗ ವೈಕುಂಠ ಏಕಾದಶಿಯಂದು ತಿರುಮಲದ ಉತ್ಸವ ಅಲ್ಲಿನ ದೇವಸ್ಥಾನದ ಎಸ್‌ವಿಬಿಸಿ ವಾಹಿನಿಯ ಮೂಲಕ ಮನೆಗೇ ಬರುತ್ತದೆ. ಉತ್ಸವಮೂರ್ತಿಯನ್ನು ತೋರಿಸುವ ಕ್ಯಾಮೆರಾಕ್ಕೆ ಗರ್ಭಗುಡಿಯೊಳಗೆ ಮಾತ್ರ ಪ್ರವೇಶವಿಲ್ಲ.

ಕ್ಯಾಥೊಲಿಕರಲ್ಲೂ ಇಂಥದೇ ವಿವೇಚನೆಯಿದೆ. ಕಾಯಿಲೆಯಿಂದ ಮಲಗಿದ್ದ ಅಸಿಸಿಯ ಸಂತ ಕ್ಲಾರಾ ಕ್ರಿಸ್‌ಮಸ್ ರಾತ್ರಿಯ ಪೂಜೆಯನ್ನು ಕೋಣೆಯ ಗೋಡೆಯ ಮೇಲೆ ಕಂಡಳೆಂಬ ನಂಬಿಕೆಯಿದೆ. ಆ ಕಾರಣಕ್ಕೆ ಹನ್ನೆರಡನೇ ಪಿಯುಸ್ ಪೋಪರು ಆಕೆಯನ್ನು ಟಿವಿಯ ಪಾಲಕ ಸಂತಳೆಂದು ಸಾರಿದರು. ಆದರೂ ಆರೋಗ್ಯವಂತರು ಬಲಿಪೂಜೆಗೆ ಚರ್ಚಿಗೇ ಬರಬೇಕು.

ಎರಡು ಪರಂಪರೆಗಳೂ ಹೇಳುವುದು ಒಂದೇ: ಭಕ್ತಿಗೆ ದೂರವಿಲ್ಲ, ಆಚರಣೆಗೆ ಸನ್ನಿಧಿ ಬೇಕು. ಹಾಸಿಗೆ ಹಿಡಿದವರಿಗೆ, ವಯಸ್ಸಾದವರಿಗೆ, ಊರಿನಿಂದ ದೂರವಿರುವವರಿಗೆ ಪರದೆಯ ದರ್ಶನ ಸಾರ್ಥಕವೇ. ಆದರೆ ತೀರ್ಥವನ್ನು ಅಂಗೈಗೆ ಹಾಕಲು, ಪ್ರಸಾದವನ್ನು ಪಕ್ಕದವರೊಡನೆ ಹಂಚಿಸಲು ಟಿವಿಗೆ ಆಗದು. ನಡೆಯಬಲ್ಲವರು ಹಬ್ಬದ ದಿನ ಗುಡಿಗೆ ಹೋಗುವುದೇ ಸರಿ.