ಬಿಡುವಿನ ಒಡೆತನ

ನಮ್ಮ ವ್ಯಾಕರಣ ಮತ್ತು ಪ್ರಬಂಧದ ಪುಸ್ತಕಗಳಲ್ಲಿ ಕೆಲವು ವಿಷಯಗಳಿಗೆ ಸಾವೆಂಬುದೇ ಇಲ್ಲ. 'ಗ್ರಂಥಾಲಯದ ಮಹತ್ವ', 'ರಾಷ್ಟ್ರೀಯ ಭಾವೈಕ್ಯ', ಇವುಗಳ ಸಾಲಿನಲ್ಲಿಯೇ 'ಬಿಡುವಿನ ವೇಳೆಯ ಸದುಪಯೋಗ'. ನಾನು ಓದುವಾಗ ಇದನ್ನು ಬರೆದಿದ್ದೆ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳ ಕೈಲಿ ಬರೆಸುತ್ತಲೂ ಇದ್ದೇನೆ. ಉತ್ತರಗಳೂ ಬದಲಾಗಿಲ್ಲ: ತೋಟಗಾರಿಕೆ, ಅಂಚೆಚೀಟಿ ಸಂಗ್ರಹ, ಒಳ್ಳೆಯ ಪುಸ್ತಕಗಳ ವಾಚನ. ಅಂಚೆಚೀಟಿಯನ್ನೇ ಕಾಣದ ಮಕ್ಕಳೂ ಉತ್ತರಪತ್ರಿಕೆಯಲ್ಲಿ ಮಾತ್ರ ತಪ್ಪದೆ ಅದನ್ನು ಸಂಗ್ರಹಿಸುತ್ತಾರೆ. ಒಂದು ಸಲ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕದ ಉತ್ತರವನ್ನು ಬಿಟ್ಟು ತನ್ನದನ್ನು ಬರೆದಳು. 'ಬಿಡುವಿನ ವೇಳೆಯಲ್ಲಿ ನಾನು ಪಾತ್ರೆ ತೊಳೆಯುತ್ತೇನೆ, ನೀರು ತುಂಬುತ್ತೇನೆ, ತಮ್ಮನನ್ನು ಎತ್ತಿಕೊಳ್ಳುತ್ತೇನೆ.' ಇದರಲ್ಲಿ ತಮಾಷೆಯೂ ಇರಲಿಲ್ಲ, ದೂರೂ ಇರಲಿಲ್ಲ. ಶಾಲೆಯಲ್ಲಿ ಕಳೆಯದ ಹೊತ್ತಿಗೆಲ್ಲ ಬಿಡುವು ಎಂದೇ ಹೆಸರು ಎಂದು ಅವಳು ತಿಳಿದಿದ್ದಳು.

ಬಿಡುವು ಎಂದರೆ ಏನು? 'ಬಿಡು' ಎಂಬ ಕ್ರಿಯೆ ಅದರೊಳಗೇ ಇದೆ. ಹಾಗಾದರೆ ಬಿಡುವವರು ಯಾರು? 'ಪುರುಸೊತ್ತು' ಎಂಬ ಇನ್ನೊಂದು ಮಾತು 'ಫುರ್ಸತ್' ಆಗಿ ದೂರದಿಂದ ಬಂದು ನಮ್ಮ ನಾಲಗೆಗೆ ಒಗ್ಗಿಕೊಂಡಿದೆ. ಗಂಡಸು 'ಒಂದು ಗಳಿಗೆ ಪುರುಸೊತ್ತಿಲ್ಲ ಕಣ್ರೀ' ಎಂದರೆ ಅದರಲ್ಲಿ ಹೆಮ್ಮೆ ಇರುತ್ತದೆ. ಹೆಂಗಸು 'ನಾನು ಪುರುಸೊತ್ತಾಗಿದ್ದೇನೆ' ಎಂದು ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ. ನಮ್ಮ ಅತ್ತೆಯವರು ಸಂಜೆ ಜಗಲಿಯಲ್ಲಿ ಗಾಳಿಗೆ ಕೂರುತ್ತಿದ್ದರು. ಬೀದಿಯಲ್ಲಿ ಯಾರಾದರೂ ಬರುವುದು ಕಂಡರೆ ಪಕ್ಕದಲ್ಲಿದ್ದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸತೊಡಗುತ್ತಿದ್ದರು. ಅದು ಬೆಳಿಗ್ಗೆಯೇ ಆರಿಸಿಟ್ಟಿದ್ದ ಅಕ್ಕಿ. 'ಯಾಕತ್ತೆ?' ಎಂದರೆ, 'ಸುಮ್ಮನೆ ಕೂತಿದ್ದಾಳೆ ಅನ್ನಿಸಿಕೋಬಾರದು ಕಣಮ್ಮ' ಎನ್ನುತ್ತಿದ್ದರು. ಎಂಬತ್ತು ದಾಟಿದ ಮೇಲೂ ಅವರಿಗೆ ಸುಮ್ಮನೆ ಕೂರುವುದಕ್ಕೆ ಒಂದು ನೆಪ ಬೇಕಾಗಿತ್ತು.

ಇದು ಒಂದು ಮನೆಯ ಮಾತಲ್ಲ ಎನ್ನುವುದಕ್ಕೆ ಈಗ ಅಂಕಿ ಅಂಶಗಳಿವೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯವರು 2019ರಲ್ಲಿ ದೇಶವ್ಯಾಪಿಯಾಗಿ, ಮತ್ತೆ 2024ರಲ್ಲಿ, ಜನರ ಕಾಲಬಳಕೆಯ ಸಮೀಕ್ಷೆ ನಡೆಸಿದರು. ಆದಾಯವೆಷ್ಟು, ಜಮೀನೆಷ್ಟು ಎಂದು ಕೇಳುವ ಸಮೀಕ್ಷೆ ಇದಲ್ಲ. ನಿನ್ನೆಯ ಬೆಳಗಿನ ಜಾವ ನಾಲ್ಕರಿಂದ ಇವತ್ತಿನ ಬೆಳಗಿನ ಜಾವ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುವುದು. ಎರಡೂ ಸಲ ಸುಮಾರು 1.39 ಲಕ್ಷ ಮನೆಗಳಲ್ಲಿ, ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 2019ರಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81 ಮಂದಿ, ಗಂಡಸರು 26 ಮಂದಿ. ಆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. ಐದು ವರ್ಷಗಳ ನಂತರ ಹೆಂಗಸರದು 289ಕ್ಕೆ ಇಳಿಯಿತು. ಗಂಡಸರು ಆ ಹತ್ತು ನಿಮಿಷವನ್ನು ತಮ್ಮ ಪಾಲಿಗೆ ಎತ್ತಿಕೊಂಡಿರಬಹುದು ಎಂದುಕೊಂಡರೆ, ಅವರದು 88ಕ್ಕೆ ಇಳಿದಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನ್ನ ವಾದ ಸುಲಭವಾಗುತ್ತದೆ. ಆದರೆ ಅದೇ ಸಮೀಕ್ಷೆಯಲ್ಲಿ ಮತ್ತೊಂದು ಲೆಕ್ಕವೂ ಇದೆ. ಮನರಂಜನೆ, ಆಟ, ಟಿವಿ, ಓದು ಮುಂತಾದವುಗಳಿಗೆ 2024ರಲ್ಲಿ ಗಂಡಸರು ಕೊಟ್ಟದ್ದು ದಿನಕ್ಕೆ 177 ನಿಮಿಷ, ಹೆಂಗಸರು 164 ನಿಮಿಷ. ವ್ಯತ್ಯಾಸ ಬರೀ 13 ನಿಮಿಷ. ಸಂಬಳ ಕೂಲಿಗಳ ದುಡಿಮೆಯಲ್ಲಿ ಗಂಡಸರ ಹೊತ್ತು ಹೆಚ್ಚು ಹೋಗುತ್ತದೆ ಎಂಬುದೂ ನಿಜ. 'ನೋಡಿದಿರಾ ಮೇಡಂ, ನೀವು ಅಳುವಷ್ಟೇನೂ ಆಗಿಲ್ಲ' ಎಂದು ನಮ್ಮ ಗಣಿತದ ಮೇಷ್ಟ್ರು ನಕ್ಕರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಮಿಷಗಳನ್ನು ಎಣಿಸಬಹುದು, ಆ ನಿಮಿಷ ಯಾರದೆಂದು ಎಣಿಕೆಯಿಂದ ತಿಳಿಯುವುದಿಲ್ಲ. ರಾತ್ರಿ ಎಂಟಕ್ಕೆ ಧಾರಾವಾಹಿ ಬರುವಾಗ ಮನೆಯೊಡತಿಯೂ ಮನೆಯೊಡೆಯನೂ ಅದರ ಮುಂದೆ ಕೂತಿರುತ್ತಾರೆ. ಅವಳ ಕೈ ಬೆಳ್ಳುಳ್ಳಿ ಬಿಡಿಸುತ್ತಿರುತ್ತದೆ, ಕಿವಿ ಕುಕ್ಕರಿನ ಸೀಟಿಯ ಕಡೆಗಿರುತ್ತದೆ. ಬಾಗಿಲು ಬಡಿದರೆ, ಮಗು ಅತ್ತರೆ, ಮಾವನವರು ಬಿಸಿನೀರು ಕೇಳಿದರೆ ಯಾರು ಏಳಬೇಕೆಂದು ಆ ಮನೆಯಲ್ಲಿ ಚರ್ಚೆಯೇ ನಡೆಯುವುದಿಲ್ಲ. ಅವನ ಅರ್ಧಗಂಟೆ ಅವನ ಸ್ವಂತದ್ದು. ಅವಳದು ಯಾರು ಬೇಕಾದರೂ ಕೇಳಿ ಪಡೆಯಬಹುದಾದ ಕೈಗಡ.

ಹೊತ್ತು ಖಾಲಿ ಸಿಕ್ಕಿದ ಮಾತ್ರಕ್ಕೆ ಅದು ಬಿಡುವಾಗುವುದಿಲ್ಲ ಎನ್ನುವುದನ್ನು ತೋರಿಸಿಕೊಟ್ಟ ಹಳೆಯ ಸಂಶೋಧನೆಯೊಂದಿದೆ. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾದ ಸಮೀಪ ಮಾರಿಯೆಂತಾಲ್ ಎಂಬ ಹಳ್ಳಿ. ಊರಿಗೆ ಊರೇ ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡಿತ್ತು. ಜಾಗತಿಕ ಆರ್ಥಿಕ ಕುಸಿತದ ದಿನಗಳಲ್ಲಿ ಗಿರಣಿ ಮುಚ್ಚಿಹೋಯಿತು. ಮಾರಿ ಯಹೋಡಾ, ಪೌಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ತರುಣ ವಿದ್ವಾಂಸರು ಸಂಗಡಿಗರೊಂದಿಗೆ ಆ ಊರಿಗೆ ಹೋಗಿ, ಕೆಲಸ ಕಳೆದುಕೊಂಡ ಜನರ ದಿನಚರಿಯನ್ನು ಬರೆದುಕೊಂಡರು. 1933ರಲ್ಲಿ ಅದು ಪುಸ್ತಕವಾಯಿತು. ಗಿರಣಿಯ ಸಿಳ್ಳೆಗೆ ಓಡುತ್ತಿದ್ದ ಗಂಡಸರಿಗೆ ಈಗ ಬೆಳಗಿನಿಂದ ಬೈಗಿನವರೆಗೆ ಹೊತ್ತೇ ಹೊತ್ತು. ಊರಿನಲ್ಲಿ ಗ್ರಂಥಾಲಯವಿತ್ತು, ಅದರ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಎರಡು ವರ್ಷಗಳಲ್ಲಿ ಎರವಲು ಹೋಗುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಕುಗ್ಗಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಇಡೀ ಮುಂಜಾನೆ ಏನು ಮಾಡಿದಿರಿ ಎಂದರೆ ಹೇಳಲು ಏನೂ ಇರುತ್ತಿರಲಿಲ್ಲ. ದುಡಿಮೆ ಹೋದ ಮೇಲೆ ಬಿಡುವೂ ಅದರ ಹಿಂದೆಯೇ ಹೊರಟುಹೋಗಿತ್ತು.

ಅದೇ ಬೀದಿಯಲ್ಲಿ ಹೆಂಗಸರು ಮಾತ್ರ ಬೇಗಬೇಗ ನಡೆಯುತ್ತಿದ್ದರು. ಅವರ ಸಂಬಳವೂ ಹೋಗಿತ್ತು, ಕೆಲಸ ಹೋಗಿರಲಿಲ್ಲ. ಅಡುಗೆ, ಒಗೆತ, ಹರಿದದ್ದಕ್ಕೆ ತೇಪೆ ಹಾಕುವುದು, ಇಲ್ಲದ್ದರಲ್ಲಿ ಮಕ್ಕಳಿಗೆ ಉಣಿಸುವುದು ಎಲ್ಲವೂ ಇದ್ದವು. ಗಿರಣಿಗೆ ಹೋಗುತ್ತಿದ್ದಾಗ ಮನೆಯದನ್ನೂ ಹೊರಗಿನದನ್ನೂ ಹೊತ್ತು ಸೋತಿದ್ದ ಹೆಂಗಸರೇ, ಅವಕಾಶ ಸಿಕ್ಕರೆ ಮತ್ತೆ ಗಿರಣಿಗೆ ಹೋಗುತ್ತೇವೆ ಎಂದರಂತೆ. ಕಾಸಿಗಾಗಿ ಮಾತ್ರ ಅಲ್ಲ. ಅಲ್ಲಿ ನಾಲ್ಕು ಜನ ಸಿಗುತ್ತಿದ್ದರು, ಮಾತಿತ್ತು, ಮನೆಯ ಗೋಡೆಯಾಚೆಗೆ ಒಂದು ಬದುಕಿತ್ತು. ಇದನ್ನು ಓದಿದಾಗ ನನಗೆ ನಮ್ಮ ಸ್ಟಾಫ್‌ರೂಮು ನೆನಪಾಯಿತು. ರಜೆ ಮುಗಿದು ಶಾಲೆ ತೆರೆಯುವ ದಿನ ಅಲ್ಲಿಗೆ ಬರುವ ಹೆಣ್ಣುಮಕ್ಕಳ ಮುಖದಲ್ಲಿ ಒಂದು ಬಗೆಯ ನಿರಾಳ ಇರುತ್ತದೆ.

ನಮ್ಮದು ಕಾಯಕವನ್ನು ದೊಡ್ಡದೆಂದು ಕಂಡ ನಾಡು. ಬಿಡುವಿನ ಪರವಾಗಿ ಮಾತನಾಡಿದರೆ ಸೋಮಾರಿತನಕ್ಕೆ ಕುಮ್ಮಕ್ಕು ಕೊಟ್ಟಂತಾಗದೆ ಎಂದು ಕೇಳುವವರಿದ್ದಾರೆ. ಅವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ತಂದಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವಳು. ಕಾಯಕಕ್ಕೆ 'ಸಾಕು' ಎಂಬ ಎಲ್ಲೆಯಿದೆ ಎಂದು ಆ ತಾಯಿಗೆ ಗೊತ್ತಿತ್ತು. ಮನೆಗೆಲಸಕ್ಕೆ ನಾವು ಆ ಎಲ್ಲೆಯನ್ನು ಹಾಕಿಯೇ ಇಲ್ಲ. ಬಿಡುವನ್ನು ದುಡಿಮೆಗೆ ಸಿಗುವ ಪ್ರತಿಫಲ ಎಂದು ಬಗೆದಿದ್ದೇವೆ. ಯಾರ ಕೆಲಸ ಕೆಲಸವೆಂದೇ ಎಣಿಕೆಯಾಗುವುದಿಲ್ಲವೋ ಅವರಿಗೆ ಆ ಪ್ರತಿಫಲವೂ ಇಲ್ಲ.

ಇದರಲ್ಲಿ ಸರ್ಕಾರ ಮಾಡುವುದೇನಿದೆ ಎಂದು ನಾನೂ ಅಂದುಕೊಳ್ಳುತ್ತಿದ್ದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಶುರುವಾಗಿ, ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣ ಕೊಡದೆ ಓಡಾಡುವಂತಾಯಿತು. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಇದರ ಖರ್ಚು, ಸಾರಿಗೆ ನಿಗಮಗಳ ಮೇಲಿನ ಹೊರೆ, ಬಾಡಿಗೆ ಕಳೆದುಕೊಂಡ ಆಟೊದವರ ಸಂಕಟ ಎಲ್ಲವೂ ನಿಜವಾದ ಪ್ರಶ್ನೆಗಳೇ. 2023ರ ಸೆಪ್ಟೆಂಬರಿನಲ್ಲಿ ಖಾಸಗಿ ಸಾರಿಗೆಯವರು ಬೆಂಗಳೂರಿನಲ್ಲಿ ಬಂದ್ ಮಾಡಿದ್ದೂ ಉಂಟು. ಆದರೆ ನನ್ನ ಕಿವಿಗೆ ಹೆಚ್ಚಾಗಿ ಬಿದ್ದ ಆಕ್ಷೇಪ ಖರ್ಚಿನದಲ್ಲ. 'ಬಿಟ್ಟಿ ಬಸ್ಸು ಅಂತ ಊರೂರು ಸುತ್ತುತ್ತಾರೆ, ಮನೆ ನೋಡಿಕೊಳ್ಳೋರು ಯಾರು?' ಎಂಬುದು. ಕೂಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋದರೆ ಯಾರ ತಕರಾರೂ ಇರಲಿಲ್ಲ. ಸುಮ್ಮನೆ ಹೋದದ್ದೇ ಅಪರಾಧವಾಗಿತ್ತು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಬೀದಿಯ ಇಬ್ಬರು ಹೆಂಗಸರ ಜೊತೆ ಶೃಂಗೇರಿಗೆ ಹೋಗಿಬಂದಳು. ಏನೇನು ನೋಡಿದಿ ಎಂದು ಕೇಳಿದೆ. 'ಜಾಸ್ತಿ ಏನೂ ನೋಡ್ಲಿಲ್ಲ ಮೇಡಂ. ಹೊಳೆ ಹತ್ರ ಮೀನು ನೋಡ್ಕೊಂಡು ಕೂತಿದ್ವಿ. ಮಧ್ಯಾಹ್ನ ಬೇರೆಯವರು ಬಡಿಸಿದ್ರು, ನಾವು ಉಂಡ್ವಿ' ಎಂದಳು. ದಿನವೂ ನೂರಾರು ತಟ್ಟೆಗೆ ಬಡಿಸುವವಳು ಆ ಕೊನೆಯ ಮಾತನ್ನು ಎರಡು ಸಲ ಹೇಳಿದಳು. ಅವಳ ಆ ಮಧ್ಯಾಹ್ನ ಯಾವ ಸದುಪಯೋಗದ ಪಟ್ಟಿಗೂ ಸೇರುವುದಿಲ್ಲ. ಆದರೂ ನಾನು ಇಷ್ಟೂ ವರ್ಷ ಪ್ರಬಂಧಗಳಲ್ಲಿ ಓದಿದ ಬಿಡುವುಗಳಲ್ಲಿ ಅದಕ್ಕಿಂತ ದಿಟವಾದದ್ದು ನನಗೆ ಸಿಕ್ಕಿಲ್ಲ.

ಸರ್ಕಾರ ಬಸ್ಸು ಕೊಡಬಹುದು, ನೀರಿನ ನಲ್ಲಿ ಕೊಡಬಹುದು, ಅಂಗನವಾಡಿ ನಡೆಸಬಹುದು. ಇವು ಸಣ್ಣವಲ್ಲ, ಇವುಗಳಿಂದ ಹೊತ್ತು ಉಳಿಯುತ್ತದೆ. ಉಳಿದ ಹೊತ್ತನ್ನು ಅವಳ ಕೈಯಲ್ಲೇ ಬಿಡಬೇಕಾದವರು ಮನೆಯವರು. ಅನ್ನ, ಅರಿವೆಗಳಂತೆ ಬಿಡುವೂ ಬದುಕಿಗೆ ಬೇಕಾದದ್ದು. ಅದನ್ನು ಗಳಿಸಿ ತೋರಿಸು ಎಂದು ಒಬ್ಬರಿಗೆ ಮಾತ್ರ ಹೇಳುವುದು ನ್ಯಾಯವಲ್ಲ. ಒಂದು ಮನೆ ಸುಖವಾಗಿದೆಯೇ ಎಂದು ತಿಳಿಯಬೇಕಾದರೆ ನಾನು ಅಲ್ಲಿನ ಸಾಮಾನು ಸರಂಜಾಮು ನೋಡುವುದಿಲ್ಲ. ಆ ಮನೆಯ ಹೆಂಗಸು ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿರುವಾಗ, ಕೈಯಲ್ಲಿ ಏನೂ ಇಲ್ಲದೆ ಕೂತಿರಬಲ್ಲಳೇ ಎಂದು ನೋಡುತ್ತೇನೆ.