ಮಾರಿದ ಮೇಲೂ ದೇವರೇ?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಒಂಟೊನಾಗನ್ ನದಿ ಕಡಿದಾದ ಕಮರಿಗಳನ್ನು ಕೊರೆಯುತ್ತ ಸುಪೀರಿಯರ್ ಸರೋವರ ಸೇರುತ್ತದೆ. ಅದರ ಪಶ್ಚಿಮ ಕವಲಿನ ದಡದಲ್ಲಿ ಒಂದು ಕಾಲಕ್ಕೆ ಸುಮಾರು 1,680 ಕಿಲೋ ತೂಗುವ ಬಂಡೆಯೊಂದಿತ್ತು. ಬಂಡೆ ಎನ್ನುವುದು ವಾಡಿಕೆಯ ಮಾತು ಅಷ್ಟೇ. ಅದು ತಾಮ್ರದ ಗಟ್ಟಿ. ಅದಿರು ಕರಗಿಸಿ ತೆಗೆದದ್ದಲ್ಲ, ನೂರು ಕೋಟಿ ವರ್ಷಗಳಿಗೂ ಹಿಂದೆ ಲಾವಾ ಶಿಲೆಗಳ ಸಂದಿಯಲ್ಲಿ ಲೋಹವಾಗಿಯೇ ಹುಟ್ಟಿದ್ದು.

ಆ ಸೀಮೆಯ ಜನ ಸಾವಿರಾರು ವರ್ಷ ಕಲ್ಲಿನ ಸುತ್ತಿಗೆಯಿಂದ ಕುಟ್ಟಿ ತಾಮ್ರ ತೆಗೆದು ಈಟಿಮೊನೆ, ಗಾಳ ಮಾಡಿಕೊಂಡವರು. ಹಾಗೆಂದು ತಾಮ್ರ ಬರಿಯ ಸರಕಾಗಿರಲಿಲ್ಲ. 1660ರ ದಶಕದಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪಾದ್ರಿ ಕ್ಲಾಡ್ ಅಲುಯೆ, ನೀರಿನಡಿಯ ದೇವತೆಗಳ ಕೊಡುಗೆಯೆಂದು ತಾಮ್ರದ ತುಂಡುಗಳನ್ನು ಜೋಪಾನವಾಗಿ ಸುತ್ತಿಟ್ಟು ತಲೆಮಾರುಗಳಿಂದ ಕಾಪಾಡಿಕೊಂಡ ಮನೆಗಳ ವಿಷಯ ಬರೆದಿಟ್ಟಿದ್ದಾನೆ. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಕಥೆಗಳಲ್ಲಿ ತಾಮ್ರಕ್ಕೊಬ್ಬ ಕಾವಲುಗಾರನೂ ಉಂಟು: ಮಿಶಿಪೆಶು ಎಂಬ ಕೊಂಬುಳ್ಳ ನೀರ್ಚಿರತೆ.

ಹೊರಗಿನವರ ಕಣ್ಣಿಗೆ ಕಂಡದ್ದೇ ಬೇರೆ. 1766ರಲ್ಲಿ ಬಂದ ವ್ಯಾಪಾರಿ ಅಲೆಕ್ಸಾಂಡರ್ ಹೆನ್ರಿ, ಕೊಡಲಿಯಿಂದ ನೂರು ಪೌಂಡಿನಷ್ಟನ್ನು ಕಡಿದುಕೊಂಡ. 1841ರಲ್ಲಿ ಡೆಟ್ರಾಯಿಟ್‌ನ ಜೂಲಿಯಸ್ ಎಲ್ಡ್ರೆಡ್ ಇಡೀ ಬಂಡೆಯನ್ನೇ ಓಜಿಬ್ವೆ ಮುಖಂಡನಿಂದ 150 ಡಾಲರಿಗೆ ಕೊಂಡ. ಮರುವರ್ಷವೇ ಒಪ್ಪಂದವೊಂದರಿಂದ ಆ ನೆಲ ಸರ್ಕಾರದ ಪಾಲಾಯಿತು. 1843ರಲ್ಲಿ ಎಲ್ಡ್ರೆಡ್ ಸಾಗಿಸಲು ಬಂದರೆ ಗಣಿ ಪರವಾನಗಿಯವರು ತಮ್ಮದೆಂದು ಅಡ್ಡ ನಿಂತರು. ಆತ ಮತ್ತೆ 1,365 ಡಾಲರ್ ತೆತ್ತ. ರೈಲು ಕಂಬಿಯ ತುಂಡುಗಳನ್ನು ಹಾಸಿ, ಬಂಡೆ ದಾಟಿದಂತೆ ಹಿಂದಿನವನ್ನು ಎತ್ತಿ ಮುಂದಕ್ಕೆ ಹಾಸುತ್ತ, ಗುಡ್ಡ ಕಾಡು ದಾಟಿಸಿದ. ಡೆಟ್ರಾಯಿಟ್‌ನಲ್ಲಿ 25 ಸೆಂಟಿನ ಪ್ರದರ್ಶನ ಆರಂಭಿಸಿದ್ದೇ ತಡ, ಸರ್ಕಾರ ವಶಪಡಿಸಿಕೊಂಡಿತು. ಪರಿಹಾರವೆಂದು ಸಂಸತ್ತು ಐದೂವರೆ ಸಾವಿರಕ್ಕೂ ಹೆಚ್ಚು ಡಾಲರ್ ಕೊಟ್ಟಿತು. ಕೊನೆಗೆ ಬಂಡೆ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸಂಸ್ಥೆ ಸೇರಿತು.

1991ರಲ್ಲಿ ಓಜಿಬ್ವೆಗಳ ಕೀವೀನಾ ಬೇ ಸಮುದಾಯ ಅದು ತಮ್ಮ ಪವಿತ್ರ ವಸ್ತು, ಮರಳಿಸಿ ಎಂದು ಕೇಳಿತು. ಪೂಜೆಗೆ ಸಾಕಷ್ಟು ಆಧಾರವಿಲ್ಲವೆಂದು ಸಂಸ್ಥೆ ಒಪ್ಪಲಿಲ್ಲ.

ಮಾರಿದವರು ಓಜಿಬ್ವೆಗಳೇ ಅಲ್ಲವೇ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ನುಣುಚಿಕೊಳ್ಳುವಂಥ ಪ್ರಶ್ನೆಯಲ್ಲ. ಆದರೆ ಒಬ್ಬ ಮುಖಂಡ ರುಜು ಹಾಕಿದ ಮಾತ್ರಕ್ಕೆ ಇಡೀ ಕುಲದ ಭಕ್ತಿ ಪರಭಾರೆಯಾಗುತ್ತದೆಯೇ? ದಸ್ತಾವೇಜು ಒಡೆತನವನ್ನು ದಾಟಿಸೀತು; ಭಯಭಕ್ತಿಯನ್ನು ದಾಟಿಸುವ ಕಲಮು ಯಾವ ಪತ್ರದಲ್ಲೂ ಇರುವುದಿಲ್ಲ. ಜತೆಗೆ, ದೈವದ ವಸ್ತುವನ್ನು ಪರರಿಗೆ ತೋರಿಸಬಾರದೆಂದು ಬಚ್ಚಿಟ್ಟವರ ಬಳಿ, ಪರರು ಕಂಡು ಬರೆದ ಆಧಾರವನ್ನು ಕೇಳುವುದೇ ವಿಚಿತ್ರ.

ಆಧಾರವಾದರೂ ಇಲ್ಲವೆಂದಲ್ಲ. 1820ರಲ್ಲಿ ಗವರ್ನರ್ ಲೂಯಿಸ್ ಕ್ಯಾಸ್ ತಂಡಕ್ಕೆ ಬಂಡೆಯ ದಾರಿ ತೋರಿಸಲು ವಾಬಿಶ್ಕೀಪೆನಾಸ್ ಎಂಬ ಓಜಿಬ್ವೆ ಹೊರಟ. ಕಾಡಿನಲ್ಲಿ ದಾರಿ ತಪ್ಪಿತು, ಕ್ಯಾಸ್ ಬಂಡೆ ಕಾಣದೆ ಹಿಂತಿರುಗಿದ. ಪರರನ್ನು ಕರೆದೊಯ್ದಿದ್ದಕ್ಕೆ ದೈವ ಮುನಿದಿದೆ ಎಂದು ಕುಲದವರು ಅವನನ್ನು ದೂರವಿಟ್ಟರು. 1826ರಲ್ಲಿ ಅಮೆರಿಕದ ಅಧಿಕಾರಿಗಳು ಅವನನ್ನು ಮತ್ತೆ ಕಂಡಾಗ ಆತ ಕಡುಬಡತನದಲ್ಲಿದ್ದ. ಪೂಜೆಯ ದಾಖಲೆ ಹುಡುಕುವವರು ಇವನ ಪಾಡನ್ನೂ ಒಂದು ದಾಖಲೆಯೆಂದು ಎಣಿಸಬಹುದಿತ್ತು.